ಬಿಲ್ಬೇಸ್ ಗಾಡಿಗೆ ಬುತ್ತಿ

ಮುಲೂಖಿಯಾ ಸೊಪ್ಪಿನ ಸಾರಿಗೆ ಒಗ್ಗರಣೆ ಸುರಿಯುವಾಗ ಅಡುಗೆ ಮಾಡುವವರು ಗಾಬರಿಬಿದ್ದವರ ಹಾಗೆ ಒಮ್ಮೆ ಗಟ್ಟಿಯಾಗಿ "ಹಾ!" ಎಂದು ಉಸಿರನ್ನು ಒಳಗೆಳೆದುಕೊಳ್ಳಬೇಕು. ಎಳೆದುಕೊಳ್ಳದಿದ್ದರೆ ಸಾರು ಕೂಡಿಕೊಳ್ಳುವುದಿಲ್ಲ. ಸೊಪ್ಪು ತಳಕ್ಕೆ, ನೀರು ಮೇಲಕ್ಕೆ. ಯಾಕೆ ಎಂದು ಕೇಳಿದರೆ ಜಗಾಜಿಗ್ ಊರಿನ ಯಾವ ಹೆಂಗಸೂ ಹೇಳಲಾರಳು. ಆದರೆ ಉಸಿರೆಳೆಯದೆ ಸಾರು ಮಾಡಿ ನೋಡುವ ಧೈರ್ಯವೂ ಯಾರಿಗೂ ಇಲ್ಲ. ಬಯೂಮಿಗೂ ಇರಲಿಲ್ಲ. ಆ ದಿನ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಚಟಪಟಗುಟ್ಟುತ್ತಿದ್ದ ಬಾಣಲೆಯನ್ನು ಪಾತ್ರೆಗೆ ಬಗ್ಗಿಸಿ, ಎದೆ ತುಂಬ "ಹಾ!" ಎಂದ.

ಕಷ್ಟವೆಲ್ಲ ಆ ಒಂದು ಉಸಿರಿನಿಂದ ಶುರುವಾಯಿತು.

"ಬಯೂಮೀ! ಅಯ್ಯೋ ನನ್ನಪ್ಪಾ, ನಿನಗೂ ಗೊತ್ತಾಗ್ಹೋಯ್ತಾ?"

ಬಾಣಲೆ ಹಿಡಿದವನು ಹಿಡಿದಲ್ಲೇ ಕಲ್ಲಾದ. ಧ್ವನಿ ಮೇಲಿನ ಮನೆಯ ಉಮ್ಮು ರಗಬ್‌ಳದು. ಎರಡು ಅಡುಗೆಮನೆಗಳಿಗೂ ಸೇರಿ ಒಂದೇ ಗಾಳಿಕಿಂಡಿ. ಅದರಲ್ಲಿ ಗಾಳಿ ಬರುವುದಕ್ಕಿಂತ ಉಮ್ಮು ರಗಬ್ ಬರುವುದೇ ಹೆಚ್ಚು.

ಬಯೂಮಿ ಅಡುಗೆ ಮಾಡುತ್ತಾನೆ ಎಂಬುದು ಗಲ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ವ್ಯಾನು ಓಡಿಸುತ್ತಿದ್ದವನು ಅವನೇ. ಒಂದು ಅಪಘಾತ ಅವನ ಎಡಗಾಲನ್ನು ಗಿಡ್ಡ ಮಾಡಿ, ಲೈಸೆನ್ಸನ್ನೂ ಕಿತ್ತುಕೊಂಡಿತು. ಆಮೇಲೆ ಸ್ಟೀರಿಂಗ್ ಹಿಡಿದವಳು ಹೆಂಡತಿ ದೌಲತ್. ಹೆಂಗಸು ಗಾಡಿ ಓಡಿಸುವುದನ್ನು ಗಲ್ಲಿ ಹೇಗೋ ನುಂಗಿಕೊಂಡಿತ್ತು; ಗಂಡಸು ಸೌಟು ಹಿಡಿದಿದ್ದಾನೆ ಎಂದರೆ ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ದೌಲತ್ ಬೆಳಗಾಗುವ ಮೊದಲೇ ಎದ್ದು ಅಡುಗೆ ಮಾಡಿಟ್ಟು ಹೋಗುತ್ತಾಳೆ, ತಾನು ಬಿಸಿಮಾಡಿ ತೆಗೆದುಕೊಂಡು ಹೋಗುತ್ತೇನೆ ಅಷ್ಟೇ ಎಂದು ಬಯೂಮಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಕೈರುಚಿಯ ಹೊಗಳಿಕೆಯೆಲ್ಲ ದೌಲತ್ ಪಾಲಿಗೆ ಹೋಗುತ್ತಿತ್ತು. ಅವಳಿಗೋ ಮೊಟ್ಟೆ ಬೇಯಿಸಿದರೂ ಸೀಯುತ್ತಿತ್ತು.

"ಏನು ಗೊತ್ತಾಗೋದು, ಉಮ್ಮು ರಗಬ್?" ಎಂದ ಬಯೂಮಿ, ಬಾಣಲೆಯನ್ನು ಬೆನ್ನ ಹಿಂದೆ ಅಡಗಿಸುತ್ತ, ಅವಳಿಗೇನೋ ಗೋಡೆಯಾಚೆ ಕಾಣುತ್ತದೆಂಬಂತೆ.

"ನನ್ನ ಹತ್ರ ಮುಚ್ಚಿಡಬೇಡಪ್ಪಾ. ನೀನು ಉಸಿರು ಎಳ್ಕೊಂಡಿದ್ದು ಕೇಳಿಸ್ತು. ಕರುಳು ಕಿತ್ತು ಬಂತು ನಂಗೆ. ಹಾಜಿ ಬರಕಾತ್ ಹೋಗ್ಬಿಟ್ರಲ್ಲಾ! ಬೆಳಗಿನ ನಮಾಜಿಗೆ ಅಂತ ಮುಖ ತೊಳ್ಕೊತಾ ನಲ್ಲಿ ಹತ್ರಾನೇ ಕೂತ್ರಂತೆ. ಕೂತೋರು ಏಳ್ಲಿಲ್ಲ."

ಬಯೂಮಿ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಸಿದ.

ಹಾಜಿ ಬರಕಾತ್ ಎದುರುಮನೆಯ ಯಜಮಾನರು. ನಿಲ್ದಾಣದಿಂದ ಓಡುವ ವ್ಯಾನುಗಳಲ್ಲಿ ಅರ್ಧಕ್ಕರ್ಧ ಅವರವೇ. ದೌಲತ್ ಪಕ್ಕದ ಬಿಲ್ಬೇಸ್ ಊರಿಗೆ ಓಡಿಸುವ ಗಾಡಿಯೂ ಅವರದೇ. ಹಿಂದಿನ ತಿಂಗಳು ದೌಲತ್ ಸಕ್ಕರೆ ಕಾಯಿಲೆಯ ಏರುಪೇರಿನಲ್ಲಿ, ಸರದಿಗೆ ನಿಂತ ಗಾಡಿಯಲ್ಲೇ ಸ್ಟೀರಿಂಗ್ ಮೇಲೆ ಬಿದ್ದಿದ್ದಳು. ಹಾಜಿ ಬಂದು, ನೀರು ಕೊಡುವ ಬದಲು ಕೋಲಿನಿಂದ ಬಾನೆಟ್ಟು ಕುಟ್ಟಿದ್ದರು. "ಇನ್ನೊಂದು ಸಲ ಹೀಗೆ ಬಿದ್ದೆ ಅಂತ ಕೇಳಿದ್ರೆ ಕೀಲಿ ಇಟ್ಟು ಮನೆಗೆ ನಡಿ!"

ಅಂದಿನಿಂದ ಈ ಬುತ್ತಿ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಹೋದವಳಿಗೆ ಮಧ್ಯಾಹ್ನದ ಅಜಾನಿಗೆ ಮೊದಲು ಮನೆಯ ಊಟ ಹೊಟ್ಟೆಗೆ ಬೀಳಬೇಕು ಎಂದು ವೈದ್ಯರು ಹೇಳಿದ್ದರು. ರಸ್ತೆಬದಿಯ ಕರಿದದ್ದು, ಹುರಿದದ್ದು ಯಾವುದೂ ಕೂಡದು. ದೌಲತ್ ಮಾತು ಕೊಟ್ಟರೆ ಕೊಟ್ಟಹಾಗೆ. ಹಸಿವಿನಿಂದ ಕೈ ನಡುಗಿದರೂ "ಬಯೂಮಿ ತರ್ತಾನೆ" ಎಂದು ನಿಲ್ದಾಣದಲ್ಲೇ ಕಾಯುತ್ತ ಕೂರುತ್ತಾಳೆ. ಬೀಳುವುದಾದರೆ ಕಾಯುತ್ತಲೇ ಬೀಳುವವಳು. ಅವಳು ಬಿದ್ದರೆ ಗಾಡಿ ಹೋಯಿತು. ಗಾಡಿ ಹೋದರೆ ಮನೆಯಲ್ಲಿ ಒಲೆ ಯಾಕೆ ಬೇಕು?

ಇನ್ನೊಂದು ಸಂಗತಿಯಿತ್ತು. ಒಂದು ತಿಂಗಳಿಂದ ಬಯೂಮಿ ಪ್ರತಿದಿನ ಸೊಪ್ಪು ಹೆಚ್ಚುತ್ತ "ದೇವರೇ, ಆ ಮುದುಕನ ಬಾಯಿ ಮುಚ್ಚಿಸು" ಎಂದು ಬೇಡಿಕೊಳ್ಳುತ್ತಿದ್ದ. ದೇವರು ಇಷ್ಟು ಪೂರ್ತಿಯಾಗಿ ಮುಚ್ಚಿಸುತ್ತಾನೆ ಎಂದುಕೊಂಡಿರಲಿಲ್ಲ. ಮೊದಲು ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆಗೆ ಹಗುರಾದದ್ದಕ್ಕೆ ನಾಚಿಕೆಯಾಯಿತು.

"ಅಳು ಬಯೂಮಿ, ಅಳು. ಎದೇಲಿ ಇಟ್ಕೋಬೇಡ," ಎಂದಿತು ಗಾಳಿಕಿಂಡಿ. ಮೂಗೇರಿಸಿ ಮತ್ತೆ ಅಂದಿತು: "ಅಲ್ಲಾ, ಎದುರಿಗೆ ಹೆಣ ಇಟ್ಕೊಂಡು ಯಾರ ಮನೇಲಪ್ಪಾ ಬೆಳ್ಳುಳ್ಳಿ ಒಗ್ಗರಣೆ? ಮನುಷ್ಯರಾ ಅವ್ರು? ಯಾರು ಅಂತ ಗೊತ್ತಾಗ್ಲಿ, ಜನ್ಮ ಜಾಲಾಡಿಸ್ತೀನಿ."

"ನೆಲಮಾಳಿಗೆಯೋರು ಇರ್ಬೇಕು," ಎಂದ ಬಯೂಮಿ ಸಣ್ಣ ಧ್ವನಿಯಲ್ಲಿ. ನೆಲಮಾಳಿಗೆಯಲ್ಲಿ ಬೆಕ್ಕುಗಳನ್ನು ಬಿಟ್ಟು ಯಾರೂ ಇರಲಿಲ್ಲ.

ಅವನು ದೌಲತ್‌ಗೆ ಫೋನು ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಗಾಡಿ ಓಡಿಸುವಾಗ ಅವಳು ಫೋನು ಮುಟ್ಟುವುದಿಲ್ಲ.

ಕೈಯಲ್ಲಿ ಪಾತ್ರೆ ಹಿಡಿದು ಸತ್ತವರ ಮನೆಯ ಮುಂದೆ ಹಾಯುವಂತಿಲ್ಲ. ಹಾಯದೆ ಬೇರೆ ದಾರಿಯಿಲ್ಲ, ಗಲ್ಲಿಗೆ ಇರುವುದು ಒಂದೇ ಬಾಯಿ. ಬಯೂಮಿ ಸಾರಿನ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ಬಿಗಿದು, ದೌಲತ್‌ಳ ಹಳೆಯ ತಲೆವಸ್ತ್ರದಿಂದ ಅದನ್ನು ಹೊಟ್ಟೆಗೆ ಕಟ್ಟಿಕೊಂಡ. ಎರಡು ರೊಟ್ಟಿ ಎದೆಯ ಹತ್ತಿರ ಸಿಕ್ಕಿಸಿಕೊಂಡ. ಮೇಲಿಂದ ಕಾಲ್ಬೆರಳ ತನಕ ಇಳಿಯುವ ಅಗಲವಾದ ನಿಲುವಂಗಿ. ಕನ್ನಡಿಯಲ್ಲಿ ನೋಡಿಕೊಂಡರೆ ಎಂಟು ತಿಂಗಳ ಬಸುರಿಯ ಹಾಗೆ ಕಾಣುತ್ತಿದ್ದ. ಒಂದು ಕೈಯನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿದ ಮೇಲೆ, ಬಸುರಿ ಹೋಗಿ ಹೊಟ್ಟೆನೋವಿನವನಾದ. ಇರಲಿ ಎಂದು ಹೊರಟ.

ಮೆಟ್ಟಿಲಿನಲ್ಲಿ ಉಮ್ಮು ರಗಬ್ ಕಪ್ಪು ಬಟ್ಟೆಯಲ್ಲಿ ಕಾದಿದ್ದಳು.

"ನೋಡು, ನೋಡು, ನೆಟ್ಟಗೆ ನಿಲ್ಲಕ್ಕೂ ಆಗ್ತಿಲ್ಲ ಪಾಪ!" ಎಂದು ಅವನ ತೋಳು ಹಿಡಿದಳು. ಮತ್ತೆ ಮೂಗೇರಿಸಿದಳು. "ಇಲ್ಲಿ ತನಕ ಬಂತಲ್ಲ ಆ ಹಾಳು ಬೆಳ್ಳುಳ್ಳಿ! ನಿನ್ನ ಬಟ್ಟೆಗೂ ಹತ್ಕೊಂಡಿದೆ."

"ಗಾಳಿ," ಎಂದ ಬಯೂಮಿ.

ಗಲ್ಲಿಯಲ್ಲಿ ಆಗಲೇ ಕುರ್ಚಿಗಳು ಸಾಲಾಗಿ ನಿಂತಿದ್ದವು. ಒಳಗೆ ಹಾಜಿಯ ಮೈ ತೊಳೆಯುತ್ತಿದ್ದರು. ಹೊರಗೆ ಗಂಡಸರು ಕಾಯುತ್ತಿದ್ದರು. ಗೋಡೆಗೆ ಒತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ಜಾರಿಬಿಡೋಣ ಎಂದು ಬಯೂಮಿ ಹೆಜ್ಜೆ ಹಾಕಿದ. ಆದರೆ ಕ್ಷೌರಿಕ ಹನಫಿಯ ಕಣ್ಣಿಗೆ ಬೀಳದೆ ಆ ಗಲ್ಲಿಯಲ್ಲಿ ನೊಣವೂ ಹಾರುವುದಿಲ್ಲ. ಮದುವೆಯಲ್ಲಿ ಮದುಮಗನಿಗಿಂತ ಮೊದಲು, ಸಾವಿನಲ್ಲಿ ಸತ್ತವನಿಗಿಂತ ಮೊದಲು ಬಂದು ಕೂರುವವನು ಅವನು.

"ಉಸ್ತಾ ಬಯೂಮಿ! ಬಾ, ಬಾ. ನಿನಗೆ ಅಂತಾನೇ ಮುಂದೆ ಜಾಗ ಇಟ್ಟಿದ್ದೀನಿ." ಚಾಲಕರನ್ನು ಕರೆಯುವ ಆ "ಉಸ್ತಾ" ಗಾಡಿ ಬಿಟ್ಟ ಮೇಲೂ ಬಯೂಮಿಗೆ ಅಂಟಿಕೊಂಡಿತ್ತು.

"ಇಲ್ಲ ಹನಫಿ, ನಾನು ಇಲ್ಲೇ ಒಂಚೂರು..."

"ಉಮ್ಮು ರಗಬ್ ಎಲ್ಲಾ ಹೇಳಿದ್ಲು. ಸುದ್ದಿ ಕೇಳಿ ನೀನು ಕಿರುಚ್ಕೊಂಡು ಒಲೆ ಮೇಲೇ ಬಿದ್ಯಂತೆ."

"ಒಲೆ ಮೇಲಾ?"

"ಕೂತ್ಕೋ."

ಕೂತ. ಅವನು ಕೂತದ್ದೇ ತಡ, ಓದಲು ಕರೆಸಿದ್ದ ಮಸೀದಿಯ ಶೇಖರು ಗಂಟಲು ಸರಿಮಾಡಿಕೊಂಡು ಕುರಾನ್ ಓದಲು ಶುರುಮಾಡಿದರು. ಇನ್ನು ಮುಗಿಯುವ ತನಕ ಏಳುವಂತಿಲ್ಲ. ಶೇಖರು ಓದುತ್ತಿರುವಾಗ ನಡುವೆ ಎದ್ದುಹೋದವನ ಮಗಳನ್ನು ಆ ಗಲ್ಲಿಯಲ್ಲಿ ಯಾರೂ ಸೊಸೆಮಾಡಿಕೊಳ್ಳುವುದಿಲ್ಲ.

ನಡೆಯುವಾಗ ಪಾತ್ರೆ ಹೊಟ್ಟೆಯಿಂದ ಸ್ವಲ್ಪ ದೂರ ತೂಗಾಡುತ್ತಿತ್ತು. ಕೂತಾಗ ಅದು ನೇರವಾಗಿ ತೊಡೆಯ ಮೇಲೆ, ಹೊಕ್ಕುಳಿಗೆ ಆತು ಕೂತಿತು. ಈಗಷ್ಟೇ ಒಲೆಯಿಂದಿಳಿದ ಸಾರು. ಮೊದಲು ಹಿತವಾಗಿತ್ತು. ಆಮೇಲೆ ಇರುವೆ ಕಚ್ಚಿದಂತಾಯಿತು. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಮರೆತುಬಿಟ್ಟಂತೆ. ಬಯೂಮಿ ಹಲ್ಲು ಕಚ್ಚಿದ. ಕುರ್ಚಿಯಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಿದ. ಕಣ್ಣಲ್ಲಿ ನೀರು ತುಂಬಿ, ಮೀಸೆಯ ಮೇಲೆ ಹನಿದು, ಗದ್ದದಿಂದ ತೊಟ್ಟಿಕ್ಕಿತು.

ಶೇಖರು ಅದನ್ನು ಕಂಡರು. ಅವರ ಓದಿಗೆ ಯಾರೂ ಅತ್ತು ವರ್ಷಗಳೇ ಆಗಿದ್ದವು. ಒಂದೊಂದು ಸಾಲನ್ನೂ ಎರಡೆರಡು ಸಲ ಎಳೆದು ಎಳೆದು ಓದತೊಡಗಿದರು.

"ಅಳ್ತಾನೆ ನೋಡು," ಎಂದ ಹಿಂದಿನ ಸಾಲಿನವನೊಬ್ಬ.

"ಹಾಜಿ ಇವನ ಹೆಂಡ್ತಿನ ಎಲ್ರ ಮುಂದೆ ಬೈದಿದ್ರಂತಲ್ಲ?"

"ಅದಕ್ಕೇ ಹೇಳೋದು," ಹನಫಿ ತಿರುಗಿ ಪಿಸುಗುಟ್ಟಿದ, "ದೊಡ್ಡ ಮನಸ್ಸು ಅಂದ್ರೆ ಇದು. ನಿಂಗೆ ನಿನ್ನ ಅಪ್ಪ ಸತ್ತಾಗ ಇಷ್ಟು ನೀರು ಬಂದಿತ್ತೇನೋ?"

ಹಾಜಿಯ ಮಗ ಸಫ್ವತ್ ಬಾಗಿಲಲ್ಲಿ ನಿಂತಿದ್ದ. ಸಭ್ಯ ಹುಡುಗ, ಮೃದು ಮನಸ್ಸಿನವನು, ಅಪ್ಪನ ಹಾಗಲ್ಲ. ಬಯೂಮಿಯನ್ನು ನೋಡುತ್ತ ನೋಡುತ್ತ ಅವನ ತುಟಿಯೂ ನಡುಗಿತು. ಈ ಹುಡುಗನ ಕೈಗೆ ಗಾಡಿ ಬಂದರೆ ಚಿಂತೆಯಿಲ್ಲ ಎಂದು ಬಯೂಮಿ ಆ ಉರಿಯಲ್ಲೂ ಅಂದುಕೊಂಡ. ಇವತ್ತೊಂದು ದಿನ ದೌಲತ್ ಬೀಳದಿದ್ದರೆ ಸಾಕು.

ಶೇಖರು ಮುಗಿಸಿದರು. ಬಯೂಮಿ ಚಂಗನೆ ಎದ್ದ. ಅದೇ ಹೊತ್ತಿಗೆ ಬಾಗಿಲಲ್ಲಿ ಹೆಂಗಸರ ಗೋಳು ಎದ್ದಿತು. ಶವಪೆಟ್ಟಿಗೆ ಹೊರಗೆ ಬಂತು. ಗಂಡಸರೆಲ್ಲ ಹೆಗಲು ಕೊಡಲು ನುಗ್ಗಿದರು. ಬಯೂಮಿ ಹಿಂದೆ ಸರಿದು ಸರಿದು ಗಲ್ಲಿಯ ಬಾಯಿ ಮುಟ್ಟುವಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಉಮ್ಮು ರಗಬ್ ಕೂಗಿದಳು:

"ಬಯೂಮಿಗೆ ಬಿಡ್ರೋ! ಅವನಿಗೆ ಹೆಗಲು ಕೊಡಕ್ಕೆ ಬಿಡ್ರೋ! ಬೆಳಿಗ್ಗೆಯಿಂದ ಸತ್ತು ಸತ್ತು ಹುಟ್ತಾವ್ನೆ!"

"ಕಾಲು..." ಎಂದ ಬಯೂಮಿ.

"ಪುಣ್ಯಕ್ಕೆ ಕಾಲು ಯಾಕೆ, ಹೆಗಲು ಸಾಕು," ಎಂದು ಹನಫಿ ಅವನನ್ನು ಮುಂದಿನ ಎಡಮೂಲೆಗೆ ತಳ್ಳಿದ.

ಹಾಜಿ ಬರಕಾತ್ ಬದುಕಿದ್ದಾಗ ಬಯೂಮಿಯ ತಲೆಯ ಮೇಲೆ ಕೂತಿದ್ದರು. ಈಗ ಹೆಗಲ ಮೇಲೆ ಬಂದರು. ಕೆಳಗೆ ಹೊಟ್ಟೆ ಸುಡುತ್ತಿತ್ತು, ಮೇಲೆ ಹಾಜಿ ಭಾರವಾಗಿದ್ದರು. ಗಿಡ್ಡಗಾಲು ನೆಲಕ್ಕೆ ಬಿದ್ದಾಗಲೆಲ್ಲ ಪೆಟ್ಟಿಗೆ ಎಡಕ್ಕೆ ವಾಲುತ್ತಿತ್ತು, ಮತ್ತೆ ಏಳುತ್ತಿತ್ತು, ಮತ್ತೆ ವಾಲುತ್ತಿತ್ತು. ಮುಖ್ಯರಸ್ತೆ ಸೇರಿದರು. ಬಲಕ್ಕೆ ಮಸೀದಿ. ಅಲ್ಲಿ ನಮಾಜು ಮುಗಿಸಿ ಕಬ್ರಸ್ತಾನಕ್ಕೆ ಹೋಗಬೇಕು. ಎಡಕ್ಕೆ ವ್ಯಾನು ನಿಲ್ದಾಣ.

ಪೆಟ್ಟಿಗೆ ಎಡಕ್ಕೆ ವಾಲಿತು. ಹಿಂದಿನವರು ಬಲಕ್ಕೆ ತಿರುಗಿಸಿದರು. ಬಯೂಮಿಯ ಕಾಲು ಮತ್ತೆ ಬಿತ್ತು. ಪೆಟ್ಟಿಗೆ ಮತ್ತೆ ಎಡಕ್ಕೆ ಎಳೆಯಿತು. ಅವನು ಬೇಕೆಂದೇ ಎಳೆದ ಎಂದರೆ ತಪ್ಪಾಗುತ್ತದೆ. ಎಳೆಯಲೇ ಇಲ್ಲ ಎಂದರೂ ಪೂರ್ತಿ ನಿಜವಾಗುವುದಿಲ್ಲ. ಎಡಗಡೆ, ಆ ರಸ್ತೆಯ ಕೊನೆಯಲ್ಲಿ, ಸೂಜಿ ಚುಚ್ಚಿಕೊಂಡ ಹೆಂಗಸೊಬ್ಬಳು ಏನೂ ತಿನ್ನದೆ ಅವನ ದಾರಿ ನೋಡುತ್ತ ಕೂತಿದ್ದಳು. ಕಾಲಿಗೆ ಅದು ಗೊತ್ತಿತ್ತು.

"ಏ, ನೆಟ್ಟಗೆ ಹಿಡೀರೋ!"

"ನಾವು ನೆಟ್ಟಗೇ ಹಿಡಿದಿದ್ದೀವಿ. ಪೆಟ್ಟಿಗೆನೇ ತಿರುಗ್ತಾ ಇದೆ!"

ಆ ಮಾತಿಗೆ ಹನಫಿ ಎರಡೂ ಕೈ ಎತ್ತಿದ.

"ಅಲ್ಲಾಹು ಅಕ್ಬರ್! ಯಾರೂ ತಡೀಬೇಡಿ! ಹಾಜಿ ಎಳೀತಿದ್ದಾರೆ! ನಮ್ಮಜ್ಜಿ ಸತ್ತಾಗ್ಲೂ ಹೀಗೇ, ಹಿಟ್ಟಿನ ಗಿರಣಿ ಬಾಗ್ಲು ಬಿಟ್ಟು ಪೆಟ್ಟಿಗೆ ಕದಲ್ಲಿಲ್ಲ. ಸತ್ತೋರಿಗೆ ಒಂದು ಆಸೆ ಇರುತ್ತೆ. ಎಲ್ಲಿಗೆ ಕರ್ಕೊಂಡು ಹೋಗ್ತಾರೋ ಹೋಗೋಣ."

"ಎಲ್ಲಿಗೆ ಹೋಗ್ತಿದ್ದಾರೆ?"

"ನಿಲ್ದಾಣದ ಕಡೆ! ತಮ್ಮ ಗಾಡಿಗಳನ್ನ ಕಡೇ ಸಲ ನೋಡ್ಬೇಕು ಅಂತ!"

ಸಫ್ವತ್ ಬಿಕ್ಕಿಬಿಕ್ಕಿ ಅತ್ತ. ಹಾಜಿ ಬರಕಾತರ ಜನಾಜಾ ಮೆರವಣಿಗೆ, ಊರಿನ ಪೊಲೀಸನು ಸೀಟಿ ಮರೆತು ನೋಡುತ್ತಿರುವಂತೆ, ಹಣ್ಣಿನ ಗಾಡಿಗಳ ನಡುವೆ, ಹಾರ್ನು ಹೊಡೆಯುವ ಲಾರಿಗಳ ಎದುರಿಗೆ, ಎಡಕ್ಕೆ ತಿರುಗಿತು. ಇನ್ನು ಮುಂದೆ ಬಯೂಮಿ ಎಳೆಯುವ ಅಗತ್ಯವಿರಲಿಲ್ಲ. ಹಿಂದಿನವರೇ ದೂಡುತ್ತಿದ್ದರು. ಸತ್ತವರ ಆಸೆಗೆ ಅಡ್ಡ ಬಂದೆವೆಂಬ ಪಾಪ ಯಾರಿಗೆ ಬೇಕು?

ನಿಲ್ದಾಣದಲ್ಲಿ "ಬಿಲ್ಬೇಸ್! ಬಿಲ್ಬೇಸ್!" ಎಂಬ ಕೂಗು ಅರ್ಧಕ್ಕೆ ನಿಂತಿತು. ಚಾಲಕರು ಚಹಾದ ಲೋಟ ಕೆಳಗಿಟ್ಟು ಎದ್ದುನಿಂತರು. ಸರದಿಯ ಮೊದಲಿನಲ್ಲಿ ದೌಲತ್‌ಳ ಗಾಡಿ. ಅವಳು ಸ್ಟೀರಿಂಗಿಗೆ ಹಣೆ ತಾಗಿಸಿ ಕೂತಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು, ತುಟಿಯ ಮೇಲೆ ಬೆವರು. ಬಯೂಮಿ ಆ ಬೆವರನ್ನು ಹತ್ತು ಮಾರು ದೂರದಿಂದಲೇ ಗುರುತಿಸಿದ. ಗಾಡಿಯ ಹತ್ತಿರ ಬಂದದ್ದೇ ಅವನ ಕಾಲು ನಿಂತಿತು. ಪೆಟ್ಟಿಗೆ ಆ ಗಾಡಿಯ ಮುಂದೆಯೇ ನಿಂತಿತು.

"ನಿಂತ್ರು!" ಎಂದ ಹನಫಿ.

ಚಹಾದಂಗಡಿಯ ಬೆಂಚುಗಳನ್ನು ಎಳೆದು ಪೆಟ್ಟಿಗೆಯನ್ನು ಇಳಿಸಿದರು. ಗಾಡಿಯಲ್ಲಿ ಕೂತಿದ್ದ ಪ್ರಯಾಣಿಕರು ಗಾಬರಿಯಿಂದ ಧಡಧಡ ಇಳಿದರು. ಎಲ್ಲರೂ ಕೈಯೆತ್ತಿ, ತಲೆ ತಗ್ಗಿಸಿ ಸತ್ತವರಿಗಾಗಿ ಫಾತಿಹಾ ಓದತೊಡಗಿದರು. ಬಯೂಮಿ ಕಾದಿದ್ದೇ ಆ ಗಳಿಗೆಗೆ. ನಿಲುವಂಗಿಯೊಳಗೆ ಗಂಟು ಬಿಚ್ಚಿ, ಪಾತ್ರೆಯನ್ನೂ ರೊಟ್ಟಿಯನ್ನೂ ಕಿಟಕಿಯಿಂದ ಒಳಗೆ ದಾಟಿಸಿದ.

"ತಿನ್ನು. ಬೇಗ," ಎಂದ ತುಟಿ ಅಲ್ಲಾಡಿಸದೆ.

"ಇದೇನು ಜನ? ಯಾರಿದು ಪೆಟ್ಟಿಗೇಲಿ?"

"ಹಾಜಿ ಬರಕಾತ್. ತಿನ್ನು."

ದೌಲತ್ ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ಹಸಿದವರಿಗೆ ಪ್ರಶ್ನೆ ಕೇಳುವ ಶಕ್ತಿ ಇರುವುದಿಲ್ಲ. ಸ್ಟೀರಿಂಗಿನ ಕೆಳಗೆ ಬಗ್ಗಿ, ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ತಿನ್ನತೊಡಗಿದಳು. ಹೊರಗಿನವರಿಗೆ ಕಂಡದ್ದು ತಗ್ಗಿದ ತಲೆ, ಅಲುಗುವ ಭುಜಗಳು, ಅಷ್ಟೇ.

"ನೋಡಿದ್ಯಾ," ಹನಫಿ ಪಕ್ಕದವನ ಪಕ್ಕೆಲುಬು ತಿವಿದ. "ಗಂಡನಿಗಿಂತ ಹೆಂಡ್ತಿ ಒಂದು ಕೈ ಮೇಲು. ಹ್ಯಾಗೆ ಬಿಕ್ಕಿ ಅಳ್ತಾಳೆ ನೋಡು."

ತುತ್ತು ಒಂದೊಂದೇ ಇಳಿದಂತೆ ದೌಲತ್‌ಳ ಕೆನ್ನೆಗೆ ಬಣ್ಣ ಮರಳಿತು. ಕೈಯ ನಡುಕ ನಿಂತಿತು. ಬಯೂಮಿ ಗಾಡಿಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟ. ಹೊಟ್ಟೆಯ ಚರ್ಮ ಬೊಬ್ಬೆ ಎದ್ದಿತ್ತು, ಹೆಗಲು ಇಳಿದುಹೋಗಿತ್ತು, ಆದರೆ ಅವಳು ಬೀಳಲಿಲ್ಲ. ಗಾಡಿ ಉಳಿಯಿತು. ಸತ್ತವರನ್ನು ಅಷ್ಟು ದೂರ ಸುತ್ತು ಹಾಕಿಸಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡ. 'ಬೈದಿದ್ದನ್ನೂ ಮರೆತುಬಿಟ್ಟೆ, ಹಾಜಿ. ಲೆಕ್ಕ ಚುಕ್ತಾ.'

ಸಫ್ವತ್ ಅವನ ಹತ್ತಿರ ಬಂದ. ಬಂದವನೇ ಅವನ ತಲೆಗೆ ಮುತ್ತಿಟ್ಟ.

"ಬಯೂಮಿ ಚಿಕ್ಕಪ್ಪಾ, ಒಂದು ಮಾತು ಕೇಳ್ಲಾ? ಅಪ್ಪನಿಗೆ ಇಷ್ಟೊಂದು ಗಾಡಿ ಇದ್ವು. ಅವ್ರು ಈ ಗಾಡಿ ಮುಂದೇನೇ ಯಾಕೆ ನಿಂತ್ರು?"

"ಮಗನೇ, ಅದು... ನನ್ನ ಕಾಲು..."

"ಅವನಿಗೆ ಮಾತಾಡಕ್ಕಾಗಲ್ಲ, ನಾನು ಹೇಳ್ತೀನಿ," ಎಂದು ಹನಫಿ ನಡುವೆ ತೂರಿದ. "ಹಾಜಿ ಮನಸ್ಸಲ್ಲಿ ಕೊರಗಿತ್ತು. ಈ ಹೆಣ್ಣುಮಗಳನ್ನ ಎಲ್ರೆದುರು ಬೈದ್ರು, ಅದೂ ಕಾಯಿಲೆಯೋಳನ್ನ. ಆ ಋಣ ತೀರಿಸ್ದೆ ಮಣ್ಣಿಗೆ ಹೋಗಲ್ಲ ಅಂತ ಬಂದಿದ್ದಾರೆ."

"ನನಗೂ ಹಾಗೇ ಅನ್ನಿಸ್ತು," ಎಂದ ಸಫ್ವತ್. ಕಣ್ಣೊರೆಸಿಕೊಂಡು ಎಲ್ಲರ ಕಡೆಗೆ ತಿರುಗಿ ಧ್ವನಿ ಎತ್ತಿದ. "ಎಲ್ರೂ ಕೇಳಿ! ಅಪ್ಪ ತಾವೇ ಗಾಡಿ ಆರಿಸಿದ್ದಾರೆ. ಇವತ್ತಿಂದ ಇದು ಬಾಡಿಗೆಗೆ ಓಡಲ್ಲ. ಅಪ್ಪನ ಹೆಸರಲ್ಲಿ ದಾನ. ಊರಲ್ಲಿ ಯಾರು ಸತ್ರೂ ಕಬ್ರಸ್ತಾನಕ್ಕೆ ಬಿಟ್ಟಿ ಕರ್ಕೊಂಡು ಹೋಗುತ್ತೆ. ಮೊದಲ್ನೇ ಸವಾರಿ ಅಪ್ಪಂದೇ!"

"ಅಲ್ಲಾಹು ಅಕ್ಬರ್!" ಎಂದು ನಿಲ್ದಾಣ ಗುಡುಗಿತು.

ದೌಲತ್ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಮೇಲೆದ್ದಳು.

"ನಾನು?"

"ನೀವು ಇನ್ನು ದುಡೀಬಾರ್ದು ಚಿಕ್ಕಮ್ಮಾ," ಎಂದ ಸಫ್ವತ್ ಅಕ್ಕರೆಯಿಂದ. "ಈ ಧೂಳು, ಈ ಬಿಸಿಲು. ಅಪ್ಪನಿಗೆ ಅದೇ ಸಂಕಟ ಇತ್ತು ಅಂತ ಕಾಣುತ್ತೆ. ಮನೇಲಿ ಆರಾಮಾಗಿರಿ. ಹಬ್ಬಕ್ಕೆ ನಿಮ್ಮನೆಗೆ ಮಾಂಸ ಕಳಿಸ್ತೀನಿ, ಮರೆಯಲ್ಲ."

"ಹಬ್ಬ ಬರಕ್ಕೆ ಇನ್ನೂ ಎಷ್ಟು ತಿಂಗಳಿದೆ! ಅಲ್ಲೀ ತನಕ? ಗಾಡಿ ನಾನೇ ಓಡಿಸ್ತೀನಿ. ಬದುಕಿರೋರನ್ನ ಓಡಿಸ್ದೋಳು ಸತ್ತೋರನ್ನ ಓಡಿಸಲ್ವಾ? ಅವ್ರು ಚಿಲ್ಲರೆಗೂ ಜಗಳ ಆಡಲ್ಲ."

"ಹೆಂಗಸು ಜನಾಜಾ ಗಾಡಿ ಓಡಿಸೋದಾ!" ಹನಫಿ ಎರಡೂ ಕಿವಿ ಮುಚ್ಚಿಕೊಂಡ. "ಕಬ್ರಸ್ತಾನದಲ್ಲಿ ಮಲಗಿರೋರು ಎದ್ದು ಕೂರ್ತಾರೆ ಅಷ್ಟೇ!"

ಆಗಲೇ ಚಾಲಕರು ಸ್ಪ್ಯಾನರು ಹಿಡಿದು ಗಾಡಿಯೊಳಗೆ ಹತ್ತಿದ್ದರು. ಸೀಟುಗಳು ಒಂದೊಂದಾಗಿ ಕಳಚಿ ಹೊರಗೆ ಬಂದವು. ಪುಣ್ಯದ ಕೆಲಸವಾದ್ದರಿಂದ ಯಾರೂ ತಡಮಾಡಲಿಲ್ಲ. ಬೇರೆ ದಿನವಾಗಿದ್ದರೆ ಒಂದು ಬೋಲ್ಟು ಬಿಚ್ಚಲು ಅರ್ಧ ದಿನ ಹಿಡಿಯುತ್ತಿತ್ತು. ಬಯೂಮಿ ನೋಡುತ್ತ ನಿಂತ. ನಿಜ ಹೇಳಿಬಿಟ್ಟರೆ? 'ಹಾಜಿ ಎಳೆಯಲಿಲ್ಲ, ನಾನು ಎಳೆದೆ. ಹಾಜಿಗಾಗಿ ಅಳಲಿಲ್ಲ, ಪಾತ್ರೆ ಸುಟ್ಟಿತು' ಎಂದುಬಿಟ್ಟರೆ? ಆದರೆ ಸೊಪ್ಪಿನ ಸಾರಿಗಾಗಿ ಸತ್ತವರನ್ನು ಸಂತೆ ಸುತ್ತಿಸಿದವನ ಹೆಂಡತಿಗೆ ಯಾರು ಕೀಲಿ ಕೊಡುತ್ತಾರೆ? ಗಾಡಿಯ ಮಾತಿರಲಿ, ಮೈಮೇಲೆ ಮೂಳೆ ಉಳಿಸುತ್ತಾರೆಯೇ? ಸುಳ್ಳಿಗೂ ಗಾಡಿ ಹೋಯಿತು, ನಿಜಕ್ಕೂ ಗಾಡಿ ಹೋಗುತ್ತದೆ. ಅವನ ಕಣ್ಣು ತನ್ನಷ್ಟಕ್ಕೆ ಸುರಿಯುತ್ತಿತ್ತು.

"ನಿಮ್ಮನ್ನ ಹಾಗೇ ಬಿಡಲ್ಲ ಚಿಕ್ಕಪ್ಪಾ," ಎಂದ ಸಫ್ವತ್, ಅವನ ಎರಡೂ ಕೈ ಹಿಡಿದು.

ಬಯೂಮಿಯಲ್ಲಿ ಸಣ್ಣದೊಂದು ಆಸೆ ಮಿಸುಕಿತು.

"ಈ ಗಾಡಿ ಜೊತೆ ಇನ್ನು ನೀವೇ ಇರ್ಬೇಕು. ಎಷ್ಟೋ ಬಡವರು ಸಾಯ್ತಾರೆ, ಅವರ ಹಿಂದೆ ಅಳೋರೇ ಇರಲ್ಲ. ನೀವು ಕೂತ್ಕೊಂಡು ಹೋದ್ರೆ ಸಾಕು. ನಿಮ್ಮ ಹಾಗೆ ಅಳೋರು ಈ ಊರಲ್ಲಿ ಇನ್ನೊಬ್ರಿಲ್ಲ."

"ಕೆಲಸವಾ?" ಎಂದ ಬಯೂಮಿ. "ಅಂದ್ರೆ... ತಿಂಗಳಿಗೆ..."

ಸಫ್ವತ್‌ನ ಮುಖ ನೊಂದಿತು. "ಛೆ, ಛೆ! ಹೆಣದ ಹಿಂದೆ ಹೋಗಕ್ಕೆ ದುಡ್ಡು ಕೊಟ್ಟು ನಿಮಗೆ ಅವಮಾನ ಮಾಡ್ತೀನಾ? ನೀವೆಂಥೋರು ಅಂತ ಇವತ್ತು ನೋಡಿದ್ದೀನಲ್ಲ. ಪುಣ್ಯ ಎಲ್ಲಾ ನಿಮ್ಮದೇ."

ಮಸೀದಿಯಿಂದ ಅಜಾನ್ ಕೇಳಿಸಿತು. ಎಲ್ಲರಿಗೂ ಅವಸರ ಹುಟ್ಟಿತು. ಪೆಟ್ಟಿಗೆ ಗಾಡಿಯೊಳಗೆ ಜಾರಿತು. ಚಾಲಕನ ಜಾಗದಲ್ಲಿ ಸಫ್ವತ್‌ನ ಸೋದರಮಾವನ ಮಗ ಕೂತು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡ. ಪೆಟ್ಟಿಗೆಯ ಎರಡೂ ಕಡೆ ಗಂಡಸರು ಕುಕ್ಕರುಗಾಲಲ್ಲಿ ತುಂಬಿದರು. ಬಯೂಮಿಯನ್ನು ಎತ್ತಿ ಎಲ್ಲರಿಗಿಂತ ಮುಂದೆ, ಹಾಜಿಯ ತಲೆಯ ಹತ್ತಿರ ಕೂರಿಸಿದರು.

ದೌಲತ್ ಕಿಟಕಿಯ ಬಳಿ ಬಂದಳು. ಏಳು ವರ್ಷ ಓಡಿಸಿದ ಗಾಡಿಯನ್ನು ಹೊರಗಿನಿಂದ ನೋಡುವುದು ಅವಳಿಗೆ ಹೊಸತು. ಅಳಲಿಲ್ಲ. ಪಾತ್ರೆಯ ತಳದಲ್ಲಿ ಉಳಿದಿದ್ದ ಸಾರನ್ನು ಕೊನೆಯ ರೊಟ್ಟಿಯಲ್ಲಿ ಬಳಿದು, ಸುರುಳಿ ಸುತ್ತಿ ಒಳಗೆ ಚಾಚಿದಳು.

"ಬೆಳಿಗ್ಗೆಯಿಂದ ನೀನು ಏನೂ ತಿಂದಿಲ್ಲ, ನನಗೆ ಗೊತ್ತು. ಹಿಡಿ. ಇನ್ನೂ ಬಿಸಿ ಇದೆ."

ಬಯೂಮಿ ಕೈ ಚಾಚಿದ. ಅವನಿಗಿಂತ ಮೊದಲು ಹನಫಿಯ ಕೈ ಚಾಚಿತ್ತು.

"ಹಾಜಿ ಹೆಸರಲ್ಲಿ ಮೊದಲ್ನೇ ರಹ್ಮಾ!" ಎಂದು ಹನಫಿ ರೊಟ್ಟಿಯನ್ನು ಎತ್ತಿ ತೋರಿಸಿದ. ಸತ್ತವರ ಹೆಸರಿನಲ್ಲಿ ಯಾರಾದರೂ ಏನಾದರೂ ಹಂಚಿದರೆ ಬೇಡವೆನ್ನಬಾರದು. ಅವನು ಚೂರು ಚೂರು ಮುರಿದ, ಒಬ್ಬೊಬ್ಬರ ಕೈಗೂ ಇಟ್ಟ. ಎಲ್ಲರೂ "ದೇವರು ಕರುಣೆ ತೋರಲಿ" ಎಂದು ಬಾಯಿಗೆ ಹಾಕಿಕೊಂಡರು, ಚಪ್ಪರಿಸಿದರು. ಸಫ್ವತ್‌ಗೂ ಒಂದು ಚೂರು, ಚಾಲಕನಿಗೂ ಒಂದು ಚೂರು. ಕಡೆಯ ಚೂರನ್ನು ಹನಫಿ ತಾನೇ ತಿಂದು ಬೆರಳು ನೆಕ್ಕಿಕೊಂಡ.

ಗಾಡಿ ಹೊರಟಿತು. ಬಯೂಮಿಯ ಕೈ ಇನ್ನೂ ಚಾಚಿಕೊಂಡೇ ಇತ್ತು. ಹನಫಿ ಅದನ್ನು ಕಂಡು, ಮೆಲ್ಲನೆ ಮಡಚಿ, ಅವನ ಮಡಿಲಲ್ಲೇ ಇಟ್ಟು ತಟ್ಟಿದ.

"ನಿನಗೆ ಕೊಡ್ಲಿಲ್ಲ ಅಂತ ತಪ್ಪು ತಿಳ್ಕೋಬೇಡ ಉಸ್ತಾ. ಇಷ್ಟು ದುಃಖದಲ್ಲಿ ನಿನಗೆ ಎಲ್ಲಿ ಗಂಟಲಲ್ಲಿ ಇಳಿಯುತ್ತೆ?"